ಕ್ರೈಸ್ತ ಆರಾಧನೆಯಲ್ಲಿ ವಾದ್ಯಗಳು: ಚೆನ್ನೈ ನೆಲೆಯಿಂದ ಒಂದು ಅವಲೋಕನ

ಬೈಬಲಿನ ಕೀರ್ತನೆಗಳ ಗ್ರಂಥವು ವಾದ್ಯಗಳ ಪಟ್ಟಿಯೊಂದಿಗೆ ಮುಕ್ತಾಯಗೊಳ್ಳುತ್ತದೆ. ಅದರ ಕೊನೆಯದಾದ 150ನೆಯ ಕೀರ್ತನೆಯಲ್ಲಿ ಊದುವ, ಮೀಟುವ, ಬಡಿಯುವ ವಾದ್ಯಗಳೆಲ್ಲವೂ ದೇವಸ್ತುತಿಗೆ ಕರೆಯಲ್ಪಟ್ಟಿವೆ. ಆದರೂ ಈ ಗ್ರಂಥವನ್ನು ಪವಿತ್ರವೆಂದು ಅಂಗೀಕರಿಸಿದ ಕ್ರೈಸ್ತ ಸಭೆಯು ಹಲವು ಶತಮಾನಗಳ ಕಾಲ ವಾದ್ಯಗಳನ್ನು ಆರಾಧನೆಯಿಂದ ದೂರವಿರಿಸಿತು. ಈ ವೈರುಧ್ಯದ ಕಾರಣವನ್ನು ವಾದ್ಯದ ನಾದದಲ್ಲಲ್ಲ, ಆ ನಾದದೊಡನೆ ಬೆಸೆದುಕೊಂಡ ಸಾಮಾಜಿಕ ನೆನಪಿನಲ್ಲಿ ಅರಸಬೇಕಾಗುತ್ತದೆ. ಚೆನ್ನೈಯ ಚರ್ಚುಗಳ ಇತಿಹಾಸವೂ ಬೈಬಲಿನ ಕನ್ನಡ, ತಮಿಳು ಅನುವಾದಗಳ ಭಾಷೆಯೂ ಈ ಮಾತನ್ನು ಸಮರ್ಥಿಸುತ್ತವೆ.

ಆದಿಸಭೆಯ ಆಚಾರ್ಯರಿಗೆ ವಾದ್ಯವೆಂದರೆ ರೋಮನರ ನಾಟಕಶಾಲೆ, ಔತಣಕೂಟ ಮತ್ತು ಅನ್ಯದೇವತೆಗಳ ಬಲಿಪೀಠಗಳ ನೆನಪು. ಆದುದರಿಂದಲೇ ಅವರು ಕಂಠಗಾನವೊಂದನ್ನೇ ಮಾನ್ಯಮಾಡಿದರು. ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಬಹುಮಟ್ಟಿಗೆ ಈ ನಿಯಮ ಇಂದಿಗೂ ಉಳಿದಿದೆ. ಇಂದು ಚರ್ಚಿನ ವಾದ್ಯವೆಂದೇ ಪ್ರಸಿದ್ಧವಾದ ಆರ್ಗನ್ ಕೂಡ ಮೊದಲು ಕ್ರೀಡಾಂಗಣದ, ಅರಮನೆಯ ವಾದ್ಯ. ಕ್ರಿ.ಶ. 757ರಲ್ಲಿ ಬೈಜಾಂಟಿಯಂ ಚಕ್ರವರ್ತಿಯು ಫ್ರಾಂಕರ ದೊರೆ ಪೆಪಿನನಿಗೆ ಆರ್ಗನ್ನನ್ನು ಕಳುಹಿಸಿದ್ದು ರಾಜೋಚಿತ ಕಾಣಿಕೆಯಾಗಿ. ಮುಂದೆ ಮತಸುಧಾರಣೆಯ ಕಾಲದಲ್ಲಿ ಲೂಥರ್ ಸಂಗೀತವನ್ನು ದೇವರ ವರವೆಂದು ಬಗೆದರೆ, ಸ್ವತಃ ಸಂಗೀತಜ್ಞನಾಗಿದ್ದ ಜ್ವಿಂಗ್ಲಿಯ ಜ್ಯೂರಿಕ್ ನಗರದಲ್ಲಿ ಆರ್ಗನ್ನುಗಳನ್ನು ಚರ್ಚುಗಳಿಂದ ತೆಗೆಸಲಾಯಿತು.

ಈ ಭಿನ್ನ ಪರಂಪರೆಗಳೆಲ್ಲವೂ ಮದರಾಸಿಗೆ ಹಡಗೇರಿ ಬಂದವು. ಸೇಂಟ್ ಜಾರ್ಜ್ ಕೋಟೆಯೊಳಗಿನ ಸೇಂಟ್ ಮೇರಿ ಚರ್ಚು 1680ರಲ್ಲಿ ಪ್ರತಿಷ್ಠಿತವಾಯಿತು. ಅದರ ಆಂಗ್ಲಿಕನ್ ಪರಂಪರೆಗೆ ಆರ್ಗನ್ ಅನ್ಯವಲ್ಲ. 1821ರಲ್ಲಿ ಎಗ್ಮೋರಿನಲ್ಲಿ ಆರಂಭವಾದ ಸೇಂಟ್ ಆಂಡ್ರ್ಯೂಸ್ ಕರ್ಕ್ ಸ್ಕಾಟ್ಲೆಂಡಿನ ಸಭೆಗೆ ಸೇರಿದ್ದು. ಆ ಸಭೆಯಲ್ಲಿ 1860ರ ದಶಕದವರೆಗೆ ವಾದ್ಯಕ್ಕೆ ಮಾನ್ಯತೆ ಇರಲಿಲ್ಲ. ಕಾಲಾನಂತರ ಈ ಕರ್ಕ್ ಕೂಡ ಪೈಪ್ ಆರ್ಗನ್ನಿಗೆ ಎಡೆಗೊಟ್ಟಿತು. 1947ರ ಸೆಪ್ಟೆಂಬರ್ 27ರಂದು ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆಯು ಉದಯಿಸಿದಾಗ ಇಂತಹ ಹಲವು ಪರಂಪರೆಗಳು ಒಂದಾದವು.

ವಾದ್ಯದ ಸಂಚಾರ ಏಕಮುಖವಾದುದಲ್ಲ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನ ಬಳಿಯ ಮಣಲಿಯಲ್ಲಿದ್ದಾಗ ಐರೋಪ್ಯ ಪಿಟೀಲನ್ನು ಕಲಿತು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಇತ್ತ ಕ್ರೈಸ್ತ ಕವಿಗಳು ದೇಶೀಯ ರೂಪಗಳತ್ತ ತಿರುಗಿದರು. ತಂಜಾವೂರಿನ ವೇದನಾಯಗಂ ಶಾಸ್ತ್ರಿಗಳು (1774–1864) ರಾಗತಾಳಬದ್ಧವಾದ ಕೀರ್ತನೆಗಳನ್ನು ರಚಿಸಿದರು. ಕನ್ನಡದಲ್ಲಿ ಕಿಟ್ಟೆಲ್ 1862ರ 'ಕಥಾಮಾಲೆ'ಯಲ್ಲಿ ಕ್ರಿಸ್ತಚರಿತೆಯನ್ನು ದೇಶೀಯ ಛಂದಸ್ಸಿಗೆ ಅಳವಡಿಸಿದರು. ಆದರೆ ಕೀರ್ತನೆಯ ಬೆನ್ನಿಗೆ ಚರ್ಚಿನೊಳಗೆ ಸುಲಭವಾಗಿ ಬರಬಲ್ಲವಾಗಿದ್ದುದು ಕಚೇರಿಯ ವಾದ್ಯಗಳು, ಕೇರಿಯ ವಾದ್ಯಗಳಲ್ಲ.

ಅನುವಾದದ ಭಾಷೆಯಲ್ಲಿಯೂ ಇದೇ ಆಯ್ಕೆ ಗೋಚರಿಸುತ್ತದೆ. 150ನೆಯ ಕೀರ್ತನೆಯ ಹೀಬ್ರೂ 'ಕಿನ್ನೋರ್' ಕನ್ನಡದಲ್ಲಿ 'ಕಿನ್ನರಿ' ಆಗಿದೆ. ಈ ಧ್ವನಿಸಾಮ್ಯದಿಂದ ಎರಡೂ ಒಂದೇ ವಾದ್ಯವೆಂದು ಭಾವಿಸಲಾಗದು: ಕಿನ್ನೋರ್ ಚೌಕಟ್ಟಿಗೆ ತಂತಿ ಬಿಗಿದ ವಾದ್ಯ, ಕಿನ್ನರಿ ದಂಡಕ್ಕೆ ಬುರುಡೆ ಕಟ್ಟಿದ ವಾದ್ಯ. ಆದರೆ ಕನ್ನಡ ಓದುಗನಿಗೆ ಆ ಪದ ಶರಣ ಕಿನ್ನರಿ ಬೊಮ್ಮಯ್ಯನ ನೆನಪನ್ನು ತರುತ್ತದೆ. ಅನುವಾದಕರು ಇದನ್ನು ಉದ್ದೇಶಿಸಿರಲಿ, ಬಿಡಲಿ, ಭಕ್ತಿಯ ಒಂದು ಪರಂಪರೆಯ ವಾದ್ಯ ಮತ್ತೊಂದರ ಪವಿತ್ರಗ್ರಂಥವನ್ನು ಪ್ರವೇಶಿಸಿತು. ಚರ್ಮದ ಚೌಕಟ್ಟುವಾದ್ಯವಾದ 'ತೋಫ್' ಕನ್ನಡದಲ್ಲಿ 'ದಮ್ಮಡಿ'ಯಾಯಿತು. ಪ್ರಾಟೆಸ್ಟಂಟ್ ಸಭೆಗಳಲ್ಲಿ ಬಳಕೆಯಲ್ಲಿರುವ ತಮಿಳು ಬೈಬಲಿನಲ್ಲಿ ವೀಣೆ, ಯಾಳ್, ತಂಬುರು, ಕುಳಲ್, ಕೈತ್ತಾಳಗಳು ದೊರೆಯುತ್ತವೆ, ಪಱೈ ದೊರೆಯುವುದಿಲ್ಲ. ಪಱೈಯೂ ಚೌಕಟ್ಟಿಗೆ ಚರ್ಮ ಬಿಗಿದ ವಾದ್ಯವೇ. ಅಷ್ಟೇ ಅಲ್ಲ, 'ತೊಲ್ಕಾಪ್ಪಿಯಂ' ಪ್ರತಿ ತಿಣೆಗೂ ದೈವ, ಆಹಾರ, ಮರ, ಪಕ್ಷಿಗಳ ಜೊತೆಗೆ ಪಱೈಯನ್ನೂ ಯಾಳನ್ನೂ ಒಟ್ಟಿಗೆ ಹೇಳಿದೆ. ಆ ಜೋಡಿಯಲ್ಲಿ ಯಾಳ್ ಕೀರ್ತನೆಯೊಳಗೆ ಬಂದಿತು, ಪಱೈ ಹೊರಗುಳಿಯಿತು.

ತಮಿಳಿನ ಪಱೈ ಮತ್ತು ಹಳಗನ್ನಡದ ಪಱೆ ಜ್ಞಾತಿಪದಗಳು. ಪಕಾರ ಹಕಾರವಾಗಿ 'ಹರೆ' ಎಂಬ ರೂಪ ಸಿದ್ಧಿಸಿದೆ. ಹಳಗನ್ನಡ ಕಾವ್ಯಗಳ ಯುದ್ಧವರ್ಣನೆಗಳಲ್ಲಿ ಪಱೆ ವೀರದ ಮೊಳಗು. ಅದು ಕೀಳೆನಿಸಿದ್ದು ನಾದದ ದೋಷದಿಂದಲ್ಲ. ಸಾವಿನ ಮನೆಯ ಮುಂದೆ ಅದನ್ನು ಬಾರಿಸುವ ಕೆಲಸವನ್ನು ಜಾತಿವ್ಯವಸ್ಥೆಯು ದಲಿತರ ಮೇಲೆ ಹೊರಿಸಿದ್ದರಿಂದ. ಆ ಬಿಟ್ಟಿಚಾಕರಿಯಿಂದ ಬಿಡುಗಡೆ ಬಯಸಿ ಕ್ರೈಸ್ತರಾದವರಲ್ಲಿ ಅನೇಕರಿಗೆ ಪಱೈಯನ್ನು ತೊರೆಯುವುದೇ ಆತ್ಮಗೌರವವಾಗಿತ್ತು. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಈ ನಿಲುವು ಮರುಪರಿಶೀಲನೆಗೆ ಒಳಗಾಯಿತು. ಮದುರೆಯ ತಮಿಳುನಾಡು ದೇವಶಾಸ್ತ್ರ ಕಾಲೇಜಿನಲ್ಲಿದ್ದ ಥಿಯೋಫಿಲಸ್ ಅಪ್ಪಾವೂ (1940–2005) ಜನಪದ ಸಂಗೀತವನ್ನು ಆರಾಧನೆಗೆ ತಂದರು. ಸತ್ಯನಾಥನ್ ಕ್ಲಾರ್ಕ್ 1998ರ ತಮ್ಮ ಗ್ರಂಥದಲ್ಲಿ ಪಱೈಯನ್ನು ಕ್ರಿಸ್ತನ ಪ್ರತೀಕವಾಗಿಯೇ ವ್ಯಾಖ್ಯಾನಿಸಿದರು.

ಕ್ಯಾಥೋಲಿಕ್ ಸಭೆಯಲ್ಲಿಯೂ ನಿಲುವು ಬದಲಾಗಿದೆ. 1903ರಲ್ಲಿ ಹತ್ತನೆಯ ಪೋಪ್ ಪಿಯುಸ್ ಚರ್ಮವಾದ್ಯಗಳನ್ನು ನಿಷೇಧಿಸಿದ್ದರು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಆರ್ಗನ್ನಿನ ಹಿರಿಮೆಯನ್ನು ಉಳಿಸಿಕೊಂಡೇ, ಪವಿತ್ರ ಬಳಕೆಗೆ ಯೋಗ್ಯವಾದ ಇತರ ವಾದ್ಯಗಳಿಗೂ ಅವಕಾಶವಿತ್ತಿತು. 'ಯೋಗ್ಯ' ಎಂಬ ವಿಶೇಷಣದಲ್ಲಿಯೇ ಸಮಸ್ಯೆ ಅಡಗಿದೆ. ಅರಮನೆಯಿಂದ ಬಂದ ಆರ್ಗನ್ ಯೋಗ್ಯವಾಗಲು ಕಾಲ ಹಿಡಿಯಿತು. ಕೇರಿಯಿಂದ ಬಂದ ಪಱೈಗೆ ಇನ್ನೂ ಹೆಚ್ಚು ಕಾಲ ಹಿಡಿದಿದೆ. ಪಱೈಯನ್ನು ತೊರೆದವರೂ ಅದನ್ನು ಮರಳಿ ಕೈಗೆತ್ತಿಕೊಂಡವರೂ ಅರಸಿದ್ದು ಒಂದೇ ಘನತೆಯನ್ನು ಎಂಬುದನ್ನು ಮರೆಯಲಾಗದು. ಆದುದರಿಂದ ಈ ಯೋಗ್ಯತೆಯ ನಿರ್ಣಯದಲ್ಲಿ ಮೊದಲ ಮಾತು ಆ ವಾದ್ಯದ ಅವಮಾನವನ್ನು ಹೊತ್ತವರದಾಗಬೇಕು.