ಲೋಹದ ಪಟ್ಟಿಯನ್ನು ಹಾಡಿಸಿದ ಮಿಲ್ಟ್ ಜಾಕ್ಸನ್

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಡೆಯ ವಿದ್ಯಾರ್ಥಿಗಳಿಗೆ ಶಾಲೆಯ ಗಂಟೆ ಚಿರಪರಿಚಿತವಾದುದು. ಹಲವೆಡೆ ತೂಗುಹಾಕಿದ ರೈಲುಹಳಿಯ ತುಂಡೇ ಗಂಟೆಯಾಗಿರುವುದುಂಟು. ಅದನ್ನು ಬಾರಿಸಿದೊಡನೆ ಎದ್ದ ನಾದವು ಕ್ರಮೇಣ ಕ್ಷೀಣಿಸುತ್ತ ಹೋಗುವುದು; ಬಾರಿಸಿದವನು ಆ ಮೇಲೆ ಅದನ್ನು ಬಲಪಡಿಸಲಾರ. ಶ್ರೀಕೃಷ್ಣ ಪಾರಿಜಾತದ ಹಾಡುಗಾರರಿಗಾದರೋ ಈ ನಿರ್ಬಂಧವಿಲ್ಲ. ಹಿಡಿದ ಸ್ವರವನ್ನು ಉಸಿರಿನ ಬಲದಿಂದ ನಿಲ್ಲಿಸಬಲ್ಲರು, ತೂಗಬಲ್ಲರು. ಹಾಗಾದರೆ ಲೋಹದ ಪಟ್ಟಿಯಿಂದ ಕಂಠದಂತಹ ನಾದವನ್ನು ಹೊರಡಿಸುವುದು ಸಾಧ್ಯವೆ? ಅಮೆರಿಕದ ಜಾಝ್ ವಾದಕ ಮಿಲ್ಟ್ ಜಾಕ್ಸನ್ನರು ತಮ್ಮ ವೈಬ್ರಫೋನ್ ವಾದನದಿಂದ ಇದಕ್ಕೆ ಉತ್ತರವಿತ್ತರು.

ಮೊದಲು ವಾದ್ಯದ ರಚನೆಯನ್ನು ನೋಡೋಣ. ಸಾಮಾನ್ಯವಾದ ವೈಬ್ರಫೋನಿನಲ್ಲಿ ಮೂರು ಸಪ್ತಕಗಳಿಗೆ 37 ಅಲ್ಯೂಮಿನಿಯಂ ಪಟ್ಟಿಗಳಿರುವುವು. ಪಟ್ಟಿಯು ಕಂಪಿಸುವಾಗ ಅದರ ನಡುಭಾಗವೂ ತುದಿಗಳೂ ಹೆಚ್ಚಾಗಿ ಅಲುಗುವುವು. ಎರಡು ಸ್ಥಾನಗಳು ಮಾತ್ರ ನಿಶ್ಚಲವಾಗಿರುವುವು. ಒಂದೇ ದಪ್ಪದ ಪಟ್ಟಿಯಲ್ಲಿ ಈ ಸ್ಥಾನಗಳು ಪ್ರತಿ ತುದಿಯಿಂದ ಉದ್ದದ ಸುಮಾರು ಶೇಕಡಾ 22ರಷ್ಟು ಒಳಗಿರುವುವು. 40 ಸೆಂಟಿಮೀಟರ್ ಪಟ್ಟಿಯನ್ನು ತುದಿಗಳಿಂದ ಸುಮಾರು 9 ಸೆಂಟಿಮೀಟರ್ ಒಳಗೆ ದಾರ ಕಟ್ಟಿ ತೂಗಿಸಿ ಬಾರಿಸಿದರೆ ನಾದವು ದೀರ್ಘಕಾಲ ನಿಲ್ಲುವುದು. ನಡುವೆ ಹಿಡಿದು ಬಾರಿಸಿದರೆ ಕೂಡಲೇ ಅಡಗುವುದು. ವಾದ್ಯದಲ್ಲಿಯೂ ಪಟ್ಟಿಗಳನ್ನು ನಿಶ್ಚಲಸ್ಥಾನಗಳಲ್ಲಿಯೇ ದಾರದಿಂದ ಹಿಡಿದಿರುವರು.

ಪ್ರತಿ ಪಟ್ಟಿಯ ಕೆಳಗೂ ತಳ ಮುಚ್ಚಿದ ಒಂದು ಕೊಳವೆಯುಂಟು. ಅದರೊಳಗಿನ ವಾಯುಸ್ತಂಭವು ಪಟ್ಟಿಯೊಡನೆ ಅನುರಣಿಸಿ ನಾದವನ್ನು ಬಲಪಡಿಸುವುದು. ಇದಕ್ಕಾಗಿ ಕೊಳವೆಯ ಉದ್ದವು ಅಲೆಯುದ್ದದ ಕಾಲು ಭಾಗದಷ್ಟಿರಬೇಕು. ಸೆಕೆಂಡಿಗೆ 440 ಕಂಪನಗಳ ಸ್ವರಕ್ಕೆ ಇದು ಸುಮಾರು 19.5 ಸೆಂಟಿಮೀಟರ್. ಕೊಳವೆಯ ಬಾಯಿಯಲ್ಲಿ ಒಂದು ಬಿಲ್ಲೆಯಿದ್ದು, ವಿದ್ಯುನ್ಮೋಟಾರು ಅದನ್ನು ತಿರುಗಿಸುವುದು. ಬಿಲ್ಲೆ ಅಡ್ಡವಾದಾಗ ಬಾಯಿ ಮುಚ್ಚಿ ನಾದ ಕುಗ್ಗುವುದು. ನೆಟ್ಟಗಾದಾಗ ಬಾಯಿ ತೆರೆದು ನಾದ ಹಿಗ್ಗುವುದು. ಒಂದು ಸುತ್ತಿನಲ್ಲಿ ಹೀಗೆ ಎರಡು ಸಲ ಆಗುವುದೆಂಬುದನ್ನು ಗಮನಿಸಬೇಕು. ಇಲ್ಲಿ ಏರಿಳಿಯುವುದು ಮುಖ್ಯವಾಗಿ ನಾದದ ಪ್ರಬಲತೆಯೇ ಹೊರತು ಶ್ರುತಿಯಲ್ಲ. ಆದ್ದರಿಂದ ಇದನ್ನು ನಮ್ಮ ಸಂಗೀತದ ಗಮಕವೆಂದು ತಿಳಿಯಲಾಗದು.

ಈ ವಾದ್ಯವನ್ನು ಜಾಝ್ ಸಂಗೀತದಲ್ಲಿ ಪ್ರಸಿದ್ಧಿಗೆ ತಂದವರಲ್ಲಿ ಲಯೊನೆಲ್ ಹ್ಯಾಂಪ್ಟನ್ನರು ಅಗ್ರಗಣ್ಯರು. 1936ರಲ್ಲಿ ಅವರು ಬೆನ್ನಿ ಗುಡ್‌ಮನ್ನರ ತಂಡವನ್ನು ಸೇರಿದರು. ಅವರ ವಾದನವನ್ನು ಕೇಳಿಯೇ ತರುಣ ಜಾಕ್ಸನ್ನರು ವೈಬ್ರಫೋನಿನತ್ತ ತಿರುಗಿದರು. 1923ರ ಜನವರಿ 1ರಂದು ಡೆಟ್ರಾಯಿಟ್ ನಗರದಲ್ಲಿ ಜನಿಸಿದ ಜಾಕ್ಸನ್ನರು ಗಿಟಾರ್, ಪಿಯಾನೊಗಳನ್ನು ಮೊದಲೇ ಕಲಿತಿದ್ದರು. ಕ್ರೈಸ್ತ ಭಕ್ತಿಗೀತೆಗಳ ತಂಡದಲ್ಲಿ ಹಾಡುತ್ತಲೂ ಇದ್ದರು. ಹಾಡುಗಾರನ ಈ ಕಿವಿಯೇ ಮುಂದೆ ಅವರ ವಾದನಕ್ಕೆ ದಾರಿ ತೋರಿತೆನ್ನಬಹುದು.

ಹ್ಯಾಂಪ್ಟನ್ನರ ಬಿಲ್ಲೆಗಳು ಸೆಕೆಂಡಿಗೆ ಸುಮಾರು 10 ಸುತ್ತು ತಿರುಗುತ್ತಿದ್ದುವೆಂದೂ, ಜಾಕ್ಸನ್ನರು ಅದನ್ನು ಸುಮಾರು 3.3 ಸುತ್ತುಗಳಿಗೆ ಇಳಿಸಿದರೆಂದೂ ಹೇಳುವರು. ನಾವು ಲೆಕ್ಕ ಹಾಕಿ ನೋಡೋಣ. ಸುತ್ತಿಗೆ ಎರಡರಂತೆ 3.3 ಸುತ್ತುಗಳಿಗೆ 6.6 ಏರಿಳಿತಗಳಾದುವು. ಪಾಶ್ಚಾತ್ಯ ಗಾಯಕರು ದೀರ್ಘಸ್ವರವನ್ನು ಹಿಡಿದಾಗ ಕಂಠವು ಸೆಕೆಂಡಿಗೆ ಸಾಮಾನ್ಯವಾಗಿ 5ರಿಂದ 7 ಸಲ ತೂಗುವುದು. ಎರಡು ಸಂಖ್ಯೆಗಳೂ ಸಮೀಪವಾಗಿರುವುದನ್ನು ಕಾಣುತ್ತೇವೆ. ಬಿಲ್ಲೆ ಅತಿವೇಗವಾಗಿ ತಿರುಗಿದರೆ ಕಿವಿಗೆ ಬರಿಯ ನಡುಕ ಕೇಳಿಸುವುದು. ನಿಧಾನವಾದಾಗ ಉಸಿರಾಡುವ ಸ್ವರ ಕೇಳಿಸುವುದು. ಪಟ್ಟಿಯ ಶ್ರುತಿ ಬದಲಾಗದಿದ್ದರೂ ಅದು ಹಾಡಿದಂತೆ ತೋರುವುದಕ್ಕೆ ಇದೊಂದು ಕಾರಣ.

1945ರಲ್ಲಿ ಜಾಕ್ಸನ್ನರು ಡಿಝಿ ಗಿಲೆಸ್ಪಿಯವರ ತಂಡವನ್ನು ಸೇರಿದರು. 1952ರಲ್ಲಿ ಪಿಯಾನೊ ವಾದಕ ಜಾನ್ ಲೂಯಿಸ್ ಮೊದಲಾದವರೊಡನೆ ‘ಮಾಡರ್ನ್ ಜಾಝ್ ಕ್ವಾರ್ಟೆಟ್’ ಸ್ಥಾಪಿತವಾಯಿತು. 1974ರಲ್ಲಿ ಅಗಲಿದ ಈ ನಾಲ್ವರು 1981ರಲ್ಲಿ ಮತ್ತೆ ಕೂಡಿದರು. ‘ಬ್ಯಾಗ್ಸ್ ಗ್ರೂವ್’ ಜಾಕ್ಸನ್ನರ ಪ್ರಸಿದ್ಧ ರಚನೆ. ‘ಬ್ಯಾಗ್ಸ್’ ಎಂಬುದು ಅವರದೇ ಅಡ್ಡಹೆಸರು. 1999ರ ಅಕ್ಟೋಬರ್ 9ರಂದು ಅವರು ನಿಧನರಾದರು.

ಕಾಲೇಜಿನ ಪ್ರಯೋಗಶಾಲೆಯಲ್ಲಿ ಅನುರಣನ ನಳಿಕೆಯ ಮೇಲೆ ಶ್ರುತಿಕವೆಯನ್ನು ಹಿಡಿದು, ನಳಿಕೆಯ ಬಾಯಿಗೆ ಒಂದು ರಟ್ಟನ್ನು ಅಡ್ಡ ತಂದು ತೆಗೆಯುತ್ತಿರಿ. ಮೊದಲು ಬೇಗಬೇಗನೆ, ಅನಂತರ ನಿಧಾನವಾಗಿ ಹಾಗೆ ಮಾಡಿ ಆಲಿಸಿರಿ. ಎಷ್ಟು ವೇಗವನ್ನು ಪಡೆಯಬಹುದೆಂಬುದನ್ನು ಯಂತ್ರವು ತಿಳಿಸುವುದು. ಯಾವ ವೇಗವು ಹಿತವೆಂಬುದನ್ನು ಕಿವಿಯೇ ಆರಿಸಬೇಕು.