ಬೋಣಿಗೆ ಆದ ಮೇಲೆ ಹೋಗಿ

ಹುಬ್ಬಳ್ಳಿ-ಧಾರವಾಡದ ಅಂಗಡಿಗಳನ್ನು ಗೂಗಲ್‌ನಲ್ಲಿ ನಾಲ್ಕು ಜನರ ಕಣ್ಣಿಗೆ ಬೀಳುವಂತೆ ಮಾಡುವುದು ನನ್ನ ಹೊಟ್ಟೆಪಾಡು. ಒಂಬತ್ತು ವರ್ಷವಾಯಿತು. ಕೆಲಸ ಕಲಿತದ್ದು ಕಂಪ್ಯೂಟರಿನ ಮುಂದೆ. ಕೆಲಸ ಕೇಳುವುದನ್ನು ಕಲಿತದ್ದು ಅಂಗಡಿಗಳ ಕಟ್ಟೆಯ ಮೇಲೆ. ಎರಡನೆಯದಕ್ಕೇ ಹೆಚ್ಚು ಫೀ ಕಟ್ಟಿದ್ದೇನೆ.

1. ಬೋಣಿಗೆ ಆಗುವ ತನಕ ತಡೆಯಿರಿ

ಶುರುವಿನಲ್ಲಿ ಒಂದು ದಿನ ಬೆಳಿಗ್ಗೆ ಹತ್ತಕ್ಕೇ ದುರ್ಗದಬೈಲಿನ ಬಟ್ಟೆ ಅಂಗಡಿಗೆ ಹೋದೆ. ಸಾಹುಕಾರರು ಗಲ್ಲಾಪೆಟ್ಟಿಗೆಗೆ ಊದಿನಕಡ್ಡಿ ಬೆಳಗುತ್ತಿದ್ದರು. ನಾನು ಲ್ಯಾಪ್‌ಟಾಪ್ ಬಿಚ್ಚಿದೆ. ‘ತಮ್ಮಾ, ಇನ್ನಾ ಬೋಣಿಗಿ ಆಗಿಲ್ಲ. ಕೊಡಾವ್ರು ಬರೂ ಹೊತ್ತಿನ್ಯಾಗ ಕೇಳಾವ ಬಂದೀಯಲ್ಲೋ’ ಎಂದರು. ಲ್ಯಾಪ್‌ಟಾಪ್ ಮುಚ್ಚಿದೆ. ಈಗ ಹೋಗುವುದು ಮಧ್ಯಾಹ್ನ ಮೂರೂವರೆಗೆ. ಊಟ ಆಗಿರುತ್ತದೆ, ಗಿರಾಕಿ ಕಡಿಮೆ, ಚಹಾ ಹೇಳುವ ಹೊತ್ತು. ಮದುವೆ ಸೀಸನ್ನಿನಲ್ಲಿ ಬಟ್ಟೆ ಮತ್ತು ಬಂಗಾರದ ಅಂಗಡಿಗಳ ಕಡೆ ಮುಖ ಹಾಕುವುದಿಲ್ಲ.

2. ‘ಎಸ್‌ಇಒ’ ಎಂಬ ಮಾತು ವಿಸಿಟಿಂಗ್ ಕಾರ್ಡಿನಲ್ಲೇ ಇರಲಿ

ನನ್ನ ಈ ಕೆಲಸಕ್ಕೆ ಇಂಗ್ಲಿಷಿನಲ್ಲಿ ಎಸ್‌ಇಒ ಎನ್ನುತ್ತಾರೆ. ‘ಅದೇನ್ ಇನ್ಶೂರನ್ಸಾ?’ ಎಂದು ಕೇಳಿಸಿಕೊಂಡವನು ನಾನು. ಈಗ ಕೇಳುವುದು ಇಷ್ಟೇ: ‘ಫೋನ್ ನೋಡಿ ಹುಡುಕ್ಕೊಂಡು ಬರೂ ಗಿರಾಕಿ ದಿನಕ್ಕ ಎಷ್ಟ್ ಮಂದಿ ಬರ್ತಾರ್ರೀ?’ ಬಹಳ ಮಂದಿ ಮಾಲೀಕರಿಗೆ ಇದು ಗೊತ್ತಿರುವುದಿಲ್ಲ. ಗೊತ್ತಿಲ್ಲ ಎಂದು ಅವರ ಬಾಯಲ್ಲೇ ಬಂದರೆ ಅರ್ಧ ಕೆಲಸ ಆದಂತೆ.

3. ಅಂಗಡಿಯೊಳಗೆ ನಿಂತು ಹುಡುಕಿ ತೋರಿಸಬೇಡಿ

ಈ ಪಾಠ ಕಲಿತದ್ದು ಕೇಶ್ವಾಪುರದ ಒಂದು ಕನ್ನಡಕದ ಅಂಗಡಿಯಲ್ಲಿ, ನಾಲ್ಕು ಜನರ ಎದುರು. ‘ನಿಮ್ಮ ಅಂಗಡಿ ಗೂಗಲ್‌ನ್ಯಾಗ ಕಾಣವಲ್ದ್ರಿ’ ಎಂದೆ. ಮಾಲೀಕರು ತಮ್ಮ ಫೋನ್ ತೆಗೆದು, ಕನ್ನಡಕದ ಅಂಗಡಿ ಎಂದು ಹುಡುಕಿ, ನನ್ನ ಮೂಗಿನ ಮುಂದೆ ಹಿಡಿದರು. ಅವರದೇ ಅಂಗಡಿ, ಎಲ್ಲಕ್ಕಿಂತ ಮೇಲೆ. ‘ನಮ್ದ ಮೊದ್ಲ ಬರ್ತೈತಲ್ಲೋ! ಏನ್ ಕಾಣವಲ್ದು?’ ಕೆಲಸದ ಹುಡುಗರು ನಕ್ಕರು.

ಮ್ಯಾಪಿನಲ್ಲಿ ಯಾವ ಅಂಗಡಿಯನ್ನು ಮೇಲೆ ಇಡಬೇಕು ಎನ್ನುವುದಕ್ಕೆ ಗೂಗಲ್ ತಾನೇ ಹೇಳುವ ಅಂಶಗಳು ಮುಖ್ಯವಾಗಿ ಮೂರು. ಹುಡುಕಿದ್ದಕ್ಕೂ ಅಂಗಡಿಗೂ ಎಷ್ಟು ಹೊಂದಿಕೆ, ಹುಡುಕುವವರಿಂದ ಅಂಗಡಿ ಎಷ್ಟು ದೂರ, ಅಂಗಡಿಗೆ ಎಷ್ಟು ಹೆಸರಿದೆ. ಮಾಲೀಕರು ತಮ್ಮ ಗಲ್ಲಾದ ಮುಂದೆಯೇ ಕೂತು ಹುಡುಕಿದರೆ ದೂರ ಸೊನ್ನೆ. ಕಾಣದೆ ಇನ್ನೇನು? ಉಣಕಲ್ಲಿನಲ್ಲಿ ಕನ್ನಡಕ ಒಡೆದುಕೊಂಡವನ ಫೋನಿನಲ್ಲಿ ಏನು ಕಾಣುತ್ತದೆ ಎಂಬುದು ಪ್ರಶ್ನೆ. ಅದನ್ನು ಆಗ ಬಿಡಿಸಿ ಹೇಳಲು ನನಗೇ ಬರಲಿಲ್ಲ.

ಈಗ ಹಿಂದಿನ ದಿನವೇ ಬೈಕ್ ಹತ್ತುತ್ತೇನೆ. ವಿದ್ಯಾನಗರ, ಉಣಕಲ್ ಕೆರೆಯ ದಂಡೆ, ಗೋಕುಲ ರೋಡು. ಮೂರೂ ಕಡೆ ನಿಂತು ಹುಡುಕಿ, ಸ್ಕ್ರೀನ್‌ಶಾಟ್ ತೆಗೆದು, ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಎಲ್ಲಿ, ಎಷ್ಟು ಹೊತ್ತಿಗೆ ಎಂದು ಬಾಲ್ ಪೆನ್ನಿನಲ್ಲಿ ಬರೆಯುತ್ತೇನೆ. ಸಾಹುಕಾರರು ಫೋನಿಗಿಂತ ಕಾಗದ ನಂಬುತ್ತಾರೆ. ಒಮ್ಮೆ ಹೀಗೆ ಪ್ರಿಂಟ್ ಕೈಗಿಟ್ಟಾಗ ಮಿಕ್ಸರ್-ಗ್ರೈಂಡರ್ ರಿಪೇರಿಯ ಹಿರಿಯರೊಬ್ಬರು ಕನ್ನಡಕ ಏರಿಸಿ ಓದಿದರು. ಮೇಲಿದ್ದ ಹೆಸರಿನ ಮೇಲೆ ಬೆರಳಿಟ್ಟು ಸುಮ್ಮನಾದರು. ‘ಇಂವಾ ನಮ್ಮ ಕಡೇನ ಕೆಲಸ ಕಲ್ತಾಂವ’ ಎಂದರು. ಮುಂದೆ ನಾನೇನೂ ಹೇಳಬೇಕಾಗಲಿಲ್ಲ.

4. ಕೀಲಿ ಮಾಲೀಕರ ಕೈಯಲ್ಲೇ ಇರಲಿ

ಅದೇ ಹಿರಿಯರ ಕಥೆ ಅಲ್ಲಿಗೇ ಮುಗಿಯಲಿಲ್ಲ. ಅವರ ಅಂಗಡಿಯನ್ನು ಮ್ಯಾಪಿಗೆ ಹಾಕಿದವನೂ ಅವರ ಕಡೆ ಕೆಲಸ ಕಲಿತ ಆ ಹುಡುಗನೇ, ತನ್ನ ಜಿಮೇಲ್‌ನಿಂದ, ತನ್ನ ಫೋನ್ ನಂಬರ್ ಕೊಟ್ಟು. ಕೆಲಸ ಬಿಟ್ಟ ಮೇಲೂ ನಂಬರ್ ಹಾಗೇ ಇತ್ತು. ಇವರ ಅಂಗಡಿಗೆಂದು ಮಾಡಿದ ಫೋನು ಎದುರಾಳಿಯ ಕಿಸೆಯಲ್ಲಿ ರಿಂಗಾಗುತ್ತಿತ್ತು! ಹುಡುಗ ಬೇಕೆಂದೇ ಮಾಡಿದ್ದೆಂದು ನನಗನ್ನಿಸುವುದಿಲ್ಲ. ಯಾರಿಗೂ ನೆನಪೇ ಇರಲಿಲ್ಲ, ಅಷ್ಟೇ.

ಗೂಗಲ್ ಬಿಸಿನೆಸ್ ಪ್ರೊಫೈಲ್‌ಗೆ (2021ರವರೆಗೆ ಗೂಗಲ್ ಮೈ ಬಿಸಿನೆಸ್ ಎನ್ನುತ್ತಿದ್ದರು) ದುಡ್ಡು ಕೊಡಬೇಕಿಲ್ಲ, ಅದು ಪುಕ್ಕಟೆ. ಇದನ್ನು ನಾನು ಮೊದಲ ಭೇಟಿಯಲ್ಲೇ ಹೇಳುತ್ತೇನೆ. ಮಾಲೀಕರ ಜಿಮೇಲ್ ಒಡೆಯ, ನಾನು ಬರೀ ಮ್ಯಾನೇಜರ್. ಬೇಡವಾದ ದಿನ ನನ್ನ ಹೆಸರು ತೆಗೆದರೆ ಆಯಿತು. ಕೀಲಿ ತಮ್ಮ ಬಳಿಯೇ ಇಟ್ಟುಕೊಂಡು ಗಿರಾಕಿಯನ್ನು ಕಟ್ಟಿಹಾಕುವವರು ನಮ್ಮ ಧಂದೆಯಲ್ಲಿ ಬೇಕಾದಷ್ಟಿದ್ದಾರೆ. ಅಂಥವರಿಂದ ಕೈ ಸುಟ್ಟುಕೊಂಡ ಮಾಲೀಕರೇ ನನಗೆ ಒಳ್ಳೆಯ ಗಿರಾಕಿಗಳಾದದ್ದು ಬೇರೆ ಮಾತು.

5. ಒಂದು ತಾಸು ಸುಮ್ಮನೆ ಕೂತು ಗಿರಾಕಿಗಳ ಮಾತು ಕೇಳಿ

ಗಿರಾಕಿ ಯಾವ ಮಾತಿನಲ್ಲಿ ಹುಡುಕುತ್ತಾನೋ ಆ ಮಾತೇ ನಮ್ಮ ಬರಹದಲ್ಲೂ ಇರಬೇಕು. ಊರಿನ ಹೆಸರನ್ನೇ ನೋಡಿ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾದವು. ಹುಬ್ಳಿ ಹುಬ್ಬಳ್ಳಿಯಾಯಿತು, ಬೆಲ್ಗಾಂ ಬೆಳಗಾವಿಯಾಯಿತು. ಬೋರ್ಡು ಬದಲಾಯಿತು, ಬೆರಳು ಬದಲಾಗಲಿಲ್ಲ. ಮಂದಿ ಇಂಗ್ಲಿಷಿನಲ್ಲಿ ಇವತ್ತಿಗೂ ‘ಹುಬ್ಳಿ’ ಎಂದೇ ಟೈಪ್ ಮಾಡುತ್ತಾರೆ. ಊರಿನ ಅಭಿಮಾನದಿಂದ ನಾನು ಮೊದಲು ಕಟ್ಟಿದ ವೆಬ್‌ಸೈಟ್‌ಗಳಲ್ಲಿ ಹೊಸ ಹೆಸರೊಂದೇ ಇತ್ತು. ಈಗ ಎರಡೂ ಇರುತ್ತವೆ, ಕನ್ನಡ ಅಕ್ಷರದಲ್ಲೂ ಒಮ್ಮೆ. ಬೆರಳಿಗೆ ಬಾರದವರು ಮೈಕ್ ಒತ್ತಿ ಕನ್ನಡದಲ್ಲೇ ಕೇಳುತ್ತಾರೆ.

ಸಾಮಾನಿನ ಹೆಸರೂ ಹೀಗೇ. ಮಾಲೀಕರು ಹೇಳುವುದು ‘ಸಬ್‌ಮರ್ಸಿಬಲ್ ಪಂಪ್ ರಿವೈಂಡಿಂಗ್’. ಕುಂದಗೋಳದಿಂದ ಟಂಟಂನಲ್ಲಿ ಮೋಟಾರ್ ಹಾಕಿಕೊಂಡು ಬಂದ ರೈತ ಹೇಳುವುದು ‘ಬೋರ್ ಮೋಟಾರ್ ಸುಟ್ಟೈತ್ರಿ’. ಯಾರ ಮಾತನ್ನು ಬರೆಯಬೇಕು? ಖಣದ ಅಂಗಡಿಯಲ್ಲಿ ಕೂತರೆ ಕುಬಸ, ಬ್ಲೌಸ್ ಪೀಸ್ ಎಲ್ಲವೂ ಕಿವಿಗೆ ಬೀಳುತ್ತವೆ. ಹೀಗೆ ಕೇಳಿ ಬರೆದುಕೊಂಡ ಚೀಟಿಯನ್ನೇ ಮಾಲೀಕರಿಗೆ ಓದಿ ಹೇಳುತ್ತೇನೆ. ಅದಕ್ಕಿಂತ ಒಳ್ಳೆಯ ಪ್ರೆಸೆಂಟೇಶನ್ ನನ್ನ ಹತ್ತಿರ ಇಲ್ಲ.

6. ‘ಒಂದನೇ ನಂಬರ್ ಗ್ಯಾರಂಟಿ’ ಎನ್ನಬೇಡಿ

ಒಂದನೇ ಸ್ಥಾನದ ಖಾತ್ರಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ಲೇ ಬರೆದಿದೆ. ಕೆಲಸದ ಫಲ ಕಾಣಲು ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು ಎಂಬುದೂ ಅವರದೇ ಮಾತು. ಇದನ್ನು ಹೇಳಿ ಕೆಲಸ ಕಳೆದುಕೊಂಡಿದ್ದೇನೆ. ಹದಿನೈದು ದಿನದಲ್ಲಿ ಮೊದಲು ತರುತ್ತೇನೆಂದವನಿಗೆ ಆ ಕೆಲಸ ಹೋಯಿತು. ಅವನು ತಂದೂ ತೋರಿಸಿದ. ಹುಡುಕಿದ್ದು ಆ ಅಂಗಡಿಯ ಹೆಸರನ್ನೇ! ಹೆಸರು ಗೊತ್ತಿದ್ದವನು ಹೇಗೂ ಬರುತ್ತಾನಲ್ಲ.

7. ವಕೀಲರ ಬಾಗಿಲು ಬಡಿಯುವ ಮುಂಚೆ ನಿಯಮ ಓದಿ

ಧಾರವಾಡದಲ್ಲಿ ಹೈಕೋರ್ಟ್ ಪೀಠವಿದೆ, ವಕೀಲರು ಬಹಳ ಎಂದು ಹುರುಪಿನಿಂದ ಹೋಗಿದ್ದೆ. ಹಿರಿಯರೊಬ್ಬರು ಕೂರಿಸಿ, ಚಹಾ ಕುಡಿಸಿ, ಬಾರ್ ಕೌನ್ಸಿಲ್‌ನ 36ನೇ ನಿಯಮ ಓದಿಸಿ ಕಳಿಸಿದರು. ವಕೀಲರು ಜಾಹೀರಾತು ಕೊಡುವಂತಿಲ್ಲ. 2008ರ ತಿದ್ದುಪಡಿಯಿಂದ ವೆಬ್‌ಸೈಟಿನಲ್ಲಿ ಹೆಸರು, ವಿಳಾಸ, ಓದು, ಯಾವ ಬಗೆಯ ಕೇಸು ಎಂಬಂಥ ವಿವರವಷ್ಟೇ ಹಾಕಬಹುದು. ವೈದ್ಯರಿಗೂ 2002ರ ನಡವಳಿಕೆ ನಿಯಮಗಳಲ್ಲಿ ಕಟ್ಟುಪಾಡುಗಳಿವೆ.

8. ರಿವ್ಯೂ ಕೊಳ್ಳುವ ಆಸೆ ಬಿಡಿಸಿ

‘ನಮ್ಮ ಮಂದಿಗೆ ಹೇಳಿ ಒಂದ ರಾತ್ರ್ಯಾಗ ಐವತ್ತ್ ಹಾಕಸ್ತೀನಿ’ ಎನ್ನದ ಮಾಲೀಕರು ಕಡಿಮೆ. ನಾನೂ ಹಿಂದೆ ಒಂದು ಹೋಟೆಲಿಗೆ ತಮ್ಮನ ಹಾಸ್ಟೆಲ್ ಹುಡುಗರಿಂದ ಇಪ್ಪತ್ತೆರಡು ಹಾಕಿಸಿದ್ದೆ. ಒಂದು ವಾರದಲ್ಲಿ ಮಾಯ. ಜೊತೆಗೆ ನಿಜವಾದ ಗಿರಾಕಿಗಳು ಬರೆದಿದ್ದ ಮೂರೂ ಹೋದವು. ರಿವ್ಯೂಗೆ ಬದಲಾಗಿ ರಿಯಾಯಿತಿ ಕೊಡುವುದಕ್ಕೂ ಗೂಗಲ್ ಒಪ್ಪುವುದಿಲ್ಲ. ಗಲ್ಲಾದ ಹತ್ತಿರ ಕ್ಯೂಆರ್ ಚೀಟಿ ಅಂಟಿಸಿ, ಚಿಲ್ಲರೆ ಕೊಡುವಾಗ ಬಾಯಿಬಿಟ್ಟು ಕೇಳಿದರೆ ಸಾಕು. ಬೈದು ಬರೆದವರಿಗೆ ಎರಡು ಸಾಲು ಸಮಾಧಾನದ ಉತ್ತರ. ಅದನ್ನು ಮಾಲೀಕರೇ ಬರೆಯಲಿ. ನಾನು ಬರೆದರೆ ಅರ್ಜಿ ಬರೆದ ಹಾಗಿರುತ್ತದೆ.

9. ನಿಮ್ಮ ರೇಟನ್ನು ಅವರ ಲಾಭದಲ್ಲಿ ಅಳೆಯಿರಿ, ಅವರ ಕೈಗಳನ್ನೂ ಎಣಿಸಿ

ಇಡ್ಲಿ ಗಾಡಿಯವರಿಗೆ ನಾನು ಬೇಡ. ಮ್ಯಾಪಿನಲ್ಲಿ ಪಿನ್ ಸರಿಮಾಡಿ, ಒಂದು ಪ್ಲೇಟ್ ತಿಂದು ಬರುತ್ತೇನೆ. ಗೋಕುಲ ರೋಡಿನ ಮೋಟಾರ್ ವೈಂಡಿಂಗ್ ಅಣ್ಣಾರಿಗೆ ಲೆಕ್ಕ ಹಾಕಿ ತೋರಿಸಿದ್ದೆ: ನನ್ನ ಫೀ ತಿಂಗಳಿಗೆ ಆರು ಸಾವಿರ, ಒಂದು ಮೋಟಾರಿಗೆ ನಿಮಗೆ ಉಳಿಯುವುದು ಎಂಟುನೂರು, ಎಂಟು ಮೋಟಾರ್ ಹೆಚ್ಚಿಗೆ ಬಂದರೆ ನನ್ನದು ಹುಟ್ಟಿತು. ‘ಆಗ್ಲಿ ತಗೋ’ ಎಂದರು. ಗೋಡೆಯ ಮೇಲೆ ಒಂದು ನೋಟ್‌ಬುಕ್ ತೂಗುಹಾಕಿ, ಗೂಗಲ್ ನೋಡಿ ಬಂದೆ ಎಂದವರಿಗೆಲ್ಲ ಒಂದೊಂದು ಗೆರೆ ಎಳೆಯಲು ಹೇಳಿದೆ. ಆರನೇ ತಿಂಗಳಿಗೆ ಗೆರೆಗಳು ತುಂಬಿದವು.

ಆಗ ಏಪ್ರಿಲ್. ಬೋರು ಬತ್ತಿ, ವೋಲ್ಟೇಜ್ ಬಿದ್ದು ಮೋಟಾರುಗಳು ಸುಡುವ ಕಾಲ. ಒಂದು ಸಂಜೆ ಅಣ್ಣಾರ ಫೋನು. ಹೋಗಿ ನೋಡಿದರೆ ಬಾಗಿಲ ತನಕ ಮೋಟಾರುಗಳು ಮಲಗಿವೆ, ಒಳಗೆ ವಾರ್ನಿಷ್ ವಾಸನೆ, ತಂತಿ ಸುತ್ತಲು ಇರುವುದು ಅವರು ಮತ್ತು ಒಬ್ಬ ಹುಡುಗ. ಹಳೇ ಗಿರಾಕಿಯೊಬ್ಬರು ನಾಲ್ಕು ದಿನದಿಂದ ಕಾಯ್ದು, ಬೈದು, ಮೋಟಾರ್ ಎತ್ತಿಕೊಂಡು ಬೇರೆ ಕಡೆ ಹೋಗಿದ್ದರು.

‘ತಮ್ಮಾ, ಆ ಗೂಗಲ್ ಮಳಿಗಾಲದ ತನಕಾ ಸ್ವಲ್ಪ ಬಂದ್ ಮಾಡಾಕ ಬರ್ತೈತೇನು?’

ಬರುತ್ತದೆ ಎಂದೆ. ಅಲ್ಲೇ ಕಟ್ಟೆಯ ಮೇಲೆ ಕೂತು ಅವರ ಪ್ರೊಫೈಲಿನ ಕೆಲಸಗಳ ಪಟ್ಟಿಯಿಂದ ಬೋರ್ ಮೋಟಾರ್ ತೆಗೆದು, ಫ್ಯಾನು-ಮಿಕ್ಸರ್ ಅಷ್ಟೇ ಉಳಿಸಿದೆ. ಅಷ್ಟರಲ್ಲಿ ಅವರ ಫೋನ್ ಮತ್ತೆ ಬಡಿದುಕೊಂಡಿತು. ಹುಡುಗ ನೋಟ್‌ಬುಕ್ಕಿನ ಕಡೆ ಕೈ ಚಾಚಿದ. ಅಣ್ಣಾರು ಕಣ್ಣು ಬಿಟ್ಟರು. ಅವನು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡ.