ಹಿಮದ ಮೇಲೆ ಹೆಜ್ಜೆ: ಸ್ಕೀಯೋ, ಹಿಮಪಾದುಕೆಯೋ?

ಹಡಗಲಿ, ಹರಪನಹಳ್ಳಿಗಳ ಕಡೆಯ ಎರೆಹೊಲದಲ್ಲಿ ಮಳೆಗಾಲದಲ್ಲಿ ಕಾಲಿಟ್ಟವರಿಗೆ ಭೌತಶಾಸ್ತ್ರದ ಒಂದು ಪಾಠವು ಪುಸ್ತಕದ ನೆರವಿಲ್ಲದೆಯೇ ತಿಳಿದಿರುತ್ತದೆ. ಬೇಸಗೆಯಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಬಿರುಕುಬಿಟ್ಟಿದ್ದ ನೆಲವು ನಾಲ್ಕು ಮಳೆ ಬಿದ್ದೊಡನೆ ಕಾಲನ್ನು ಮೀನಖಂಡದವರೆಗೆ ನುಂಗುತ್ತದೆ; ಚಪ್ಪಲಿ ಕೆಳಗೇ ಉಳಿದು ಬರಿಗಾಲು ಮೇಲೆ ಬರುತ್ತದೆ. ಅಂಥಲ್ಲಿ ಒಂದು ಹಲಗೆಯನ್ನು ಹಾಸಿದರೆ ಅದೇ ಮನುಷ್ಯನು ಅದೇ ಕೆಸರಿನ ಮೇಲೆ ಹೂತುಕೊಳ್ಳದೆ ನಿಲ್ಲುವನು. ಅವನ ತೂಕ ಕಡಮೆಯಾಗಲಿಲ್ಲ. ಆ ತೂಕವು ಹೆಚ್ಚು ಸ್ಥಳದ ಮೇಲೆ ಹಂಚಿಹೋಯಿತು, ಅಷ್ಟೆ.

ಕೊಟ್ಟೂರಿನ ಕಡೆಯಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನು ಬೇಸಗೆಯ ರಜೆಯಲ್ಲಿ ಹಿಮಾಲಯಕ್ಕೆ ಹೊರಟಿದ್ದನು. “ಸರ್, ಅಲ್ಲಿ ಸ್ಕೀ ಕಟ್ಟಿಕೊಳ್ಳುವುದು ಒಳ್ಳೆಯದೋ, ಸ್ನೋಷೂ ಒಳ್ಳೆಯದೋ?” ಎಂದು ಅವನು ಕೇಳಿದನು. ಮಂಜು ಬಿದ್ದರೆ ಸುದ್ದಿಯಾಗುವ ಸೀಮೆಯಲ್ಲಿ ಇಂಥ ಪ್ರಶ್ನೆ ಹುಟ್ಟಿದುದು ನನಗೆ ಸಂತೋಷವನ್ನೇ ಉಂಟುಮಾಡಿತು. ನಮ್ಮ ರಜೆ ಬರುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ಅಲ್ಲಿ ಅದು ಹಿಮದ ಕೊನೆಗಾಲ. ಆದುದರಿಂದ ಪ್ರಶ್ನೆಯನ್ನು ಆ ಕಾಲದ ಹಿಮಕ್ಕೆ ಹೊಂದಿಸಿಯೇ ನೋಡಬೇಕು.

ಮೊದಲು ಲೆಕ್ಕವನ್ನು ಮಾಡೋಣ. ಬೆನ್ನಿನ ಹೊರೆಯೂ ಸೇರಿ ನಡೆಯುವವನ ತೂಕ 72 ಕಿಲೋಗ್ರಾಂ ಇರಲಿ. ನಡೆಯುವಾಗ ಪೂರ್ತಿ ಭಾರ ಒಂದೇ ಕಾಲಿನ ಮೇಲೆ ಬೀಳುವ ಕ್ಷಣವುಂಟು. ಬೂಟಿನ ತಳದ ವಿಸ್ತೀರ್ಣ ಸುಮಾರು 240 ಚದರ ಸೆಂಟಿಮೀಟರು ಎಂದಿಟ್ಟುಕೊಂಡರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ 0.3 ಕಿಲೋಗ್ರಾಂ ಭಾರ ಬಿದ್ದಂತಾಯಿತು. 60 ಸೆಂಟಿಮೀಟರು ಉದ್ದ, 20 ಸೆಂಟಿಮೀಟರು ಅಗಲದ ಸ್ನೋಷೂ, ಅಂದರೆ ಹಿಮಪಾದುಕೆ, ಕಟ್ಟಿಕೊಂಡರೆ ಅದು 0.06ಕ್ಕೆ ಇಳಿಯುತ್ತದೆ. 170 ಸೆಂಟಿಮೀಟರು ಉದ್ದ, 9 ಸೆಂಟಿಮೀಟರು ಅಗಲದ ಒಂದು ಸ್ಕೀಯ ಮೇಲೆ ನಿಂತರೆ ಸುಮಾರು 0.05. ಎರಡಕ್ಕೂ ಹೆಚ್ಚು ಅಂತರವಿಲ್ಲ! ಹಾಗಾದರೆ ಹೂತುಕೊಳ್ಳದಿರುವುದೊಂದೇ ಗುರಿಯಾದರೆ ಯಾವುದಾದರೂ ಸರಿ. ಭೇದವಿರುವುದು ಜಾರುವುದರಲ್ಲಿ.

ಸ್ಕೀ ಜಾರುವುದೇಕೆ? ಒತ್ತಡದಿಂದ ಹಿಮ ಕರಗಿ ನೀರಾಗುವುದೇ ಕಾರಣವೆಂದು ಹಳೆಯ ಪಠ್ಯಪುಸ್ತಕಗಳು ಹೇಳುತ್ತಿದ್ದವು. ಪರೀಕ್ಷೆಯಲ್ಲಿ ಹಾಗೆಯೇ ಬರೆಯುವವರು ಈಗಲೂ ಇದ್ದಾರೆ. ಒಂದು ವಾಯುಮಂಡಲದಷ್ಟು ಒತ್ತಡವು ಮಂಜುಗಡ್ಡೆಯ ಕರಗುವ ಬಿಂದುವನ್ನು ಇಳಿಸುವುದು ಸುಮಾರು 0.0075 ಡಿಗ್ರಿ ಮಾತ್ರ. ನಮ್ಮ ಸ್ಕೀಯ ಒತ್ತಡವೋ ವಾಯುಮಂಡಲದ ಇಪ್ಪತ್ತನೆಯ ಒಂದು ಪಾಲು. ಅದರಿಂದ ಆಗುವ ಇಳಿತ ಒಂದು ಡಿಗ್ರಿಯ ಎರಡು ಸಾವಿರದಲ್ಲೊಂದು ಪಾಲೂ ಅಲ್ಲ. 1939ರಲ್ಲಿ ಬೌಡನ್ ಮತ್ತು ಹ್ಯೂಸ್ ಎಂಬ ವಿಜ್ಞಾನಿಗಳು ಪ್ರಯೋಗಗಳಿಂದ ತೋರಿಸಿದಂತೆ, ಚಲಿಸುವ ಸ್ಕೀಯ ಘರ್ಷಣೆಯಿಂದ ಹುಟ್ಟುವ ಶಾಖವೇ ಹರಳುಗಳ ತುದಿಯನ್ನು ಕರಗಿಸಿ ತೆಳುವಾದ ನೀರಿನ ಪೊರೆಯನ್ನು ಉಂಟುಮಾಡುತ್ತದೆ. ಅನುಕೂಲವಾದ ಹಿಮದಲ್ಲಿ ಇಪ್ಪತ್ತು ಅಡಿಗೆ ಒಂದು ಅಡಿ ಇಳಿಜಾರಿದ್ದರೂ ಸ್ಕೀ ಜಾರತೊಡಗುತ್ತದೆ. ನೀರು ಅತಿಯಾದರೆ ಮಾತ್ರ ಅದು ಸ್ಕೀಯ ತಳವನ್ನು ಹೀರಿ ಹಿಡಿಯುತ್ತದೆ. ಕೊನೆಗಾಲದ ಮಧ್ಯಾಹ್ನದಲ್ಲಿ ಆಗುವುದು ಇದೇ.

ಹತ್ತುವಾಗ ಸ್ಕೀಯ ತಳಕ್ಕೆ ರೋಮದ ಪಟ್ಟಿಯನ್ನು ಅಂಟಿಸುತ್ತಾರೆ. ಎತ್ತಿನ ಬೆನ್ನ ಮೇಲೆ ಕೈಯಾಡಿಸಿ ನೋಡಿ: ಕೂದಲು ಮಲಗಿದ ಕಡೆಗೆ ಕೈ ಸರಾಗವಾಗಿ ಸರಿಯುತ್ತದೆ, ಎದುರಿಗೆ ತಡೆಯುತ್ತದೆ. ಪಟ್ಟಿಯ ಉಪಾಯವೂ ಅದೇ.

ಇನ್ನು ಹಿಮದ ಗುಣ. ಹೊಸದಾಗಿ ಬಿದ್ದ ಹಿಮವು ಅರಳೆಯಂತೆ ಹಗುರ. ಹಗಲು ಕರಗಿ ಇರುಳು ಹೆಪ್ಪುಗಟ್ಟುವುದು ಹಲವು ವಾರ ನಡೆದ ಮೇಲೆ ಅದರ ಹರಳುಗಳು ಉರುಟಾಗಿ ಜೋಳದ ಕಾಳಿನಂತಾಗುತ್ತವೆ. ಸಾಂದ್ರತೆ ನೀರಿನ ಅರ್ಧಕ್ಕೆ ಸಮೀಪಿಸುತ್ತದೆ. ಬೆಳಗಿನ ಜಾವ ಅದು ಬೇಸಗೆಯ ಎರೆಯಂತೆ ಗಟ್ಟಿ. ಆಗ ಬೂಟಿಗೆ ಕಟ್ಟಿದ ಉಕ್ಕಿನ ಮುಳ್ಳುಗಳೇ ಸಾಕು, ಹಲಗೆ ಬೇಡ. ಬಿಸಿಲೇರಿ ಮೇಲಿನ ಎರಡು ಮೂರು ಸೆಂಟಿಮೀಟರು ಮೆತ್ತಗಾದ ಹೊತ್ತೇ ಸ್ಕೀಗೆ ಸುಮುಹೂರ್ತ. ಅದು ಕಳೆದರೆ ಮಳೆಗಾಲದ ಎರೆಹೊಲವೇ ಸರಿ. ಕಡಿದಾದ ಇಳಿಜಾರುಗಳಲ್ಲಿ ಹಸಿಹಿಮವು ರಾಶಿರಾಶಿಯಾಗಿ ಕುಸಿಯುವ ಭಯವೂ ಆಗಲೇ.

ಇಲ್ಲಿ ಒಂದು ಸೂಕ್ಷ್ಮವುಂಟು. ಗಾಳಿಯ ಉಷ್ಣತೆ ಸೊನ್ನೆಗಿಂತ ಸ್ವಲ್ಪ ಮೇಲಿದ್ದರೂ, ಆಕಾಶವು ಶುಭ್ರವಾಗಿದ್ದರೆ ಹಿಮದ ಮೈ ತನ್ನ ಶಾಖವನ್ನು ವಿಕಿರಣದಿಂದ ಕಳೆದುಕೊಂಡು ಹೆಪ್ಪುಗಟ್ಟುತ್ತದೆ. ಮೋಡ ಕವಿದ ರಾತ್ರಿ ಹಾಗಾಗದು. ಮೋಡವು ಕಂಬಳಿಯಂತೆ ಶಾಖವನ್ನು ಹಿಂದಿರುಗಿಸುತ್ತದೆ. ಒಂದು ಗ್ರಾಂ ನೀರು ಹೆಪ್ಪುಗಟ್ಟಬೇಕಾದರೆ 80 ಕ್ಯಾಲೊರಿ ಗುಪ್ತೋಷ್ಣವು ಹೊರಹೋಗಬೇಕು. ಹೋಗಲು ದಾರಿಯಿಲ್ಲದಿದ್ದರೆ ಬೆಳಗಾದರೂ ಹಿಮ ಹಸಿಯಾಗಿಯೇ ಇರುತ್ತದೆ. ಆದುದರಿಂದ ಮಲಗುವ ಮುನ್ನ ನಕ್ಷತ್ರಗಳಿವೆಯೇ ಎಂದು ನೋಡುವುದು ಜ್ಯೋತಿಷ್ಯವಲ್ಲ, ಭೌತಶಾಸ್ತ್ರ.

ಹಾಗಾದರೆ ನಮ್ಮ ಹುಡುಗನಿಗೆ ಯಾವುದು? ತೆರೆದ, ಉದ್ದನೆಯ ಇಳಿಜಾರುಗಳಿದ್ದು, ಔಲಿ, ಗುಲ್ಮಾರ್ಗ್‌ಗಳಂಥ ಕಡೆ ಕೆಲವು ವಾರ ಕಲಿತಿದ್ದರೆ ಸ್ಕೀಗೆ ಸಮವಿಲ್ಲ. ಆದರೆ ಮೇ ತಿಂಗಳಲ್ಲಿ ಹಿಮವು ತುಂಡುತುಂಡಾಗಿರುತ್ತದೆ; ನಡುನಡುವೆ ಹುಲ್ಲು, ಬಂಡೆ. ಅಲ್ಲೆಲ್ಲ ಸ್ಕೀಯನ್ನು ಹೆಗಲ ಮೇಲೆ ಹೊರಬೇಕು. ಹಿಮಪಾದುಕೆಯನ್ನಾದರೋ ಒಂದು ಗಂಟೆಯಲ್ಲಿ ಕಲಿಯಬಹುದು, ಬಿಚ್ಚಿ ಚೀಲಕ್ಕೆ ಸಿಕ್ಕಿಸಬಹುದು. ಕಡಿದಾದ ಇಳಿಜಾರನ್ನು ಅಡ್ಡಲಾಗಿ ದಾಟುವಾಗ ಮಾತ್ರ ಅದು ಪಕ್ಕಕ್ಕೆ ಜಾರುವ ಅಪಾಯವುಂಟು. ಹೊಸಬನಿಗೆ ಹಿಮಪಾದುಕೆಯೇ ಸರಿಯೆಂದು ನಾನು ಹೇಳಿದೆನು.

ಯಾವ ಉಪಕರಣಕ್ಕೂ ಮೀರಿದ ಸಂಗತಿಯೊಂದುಂಟೆಂಬುದನ್ನೂ ಅವನಿಗೆ ಹೇಳಬೇಕಾಯಿತು. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಹಿಮಬಿರುಗಾಳಿಗೆ ಸಿಕ್ಕಿ ಕರ್ನಾಟಕದ ಒಂಬತ್ತು ಮಂದಿ ಚಾರಣಿಗರು ಮೃತರಾದರು. ಅಲ್ಲಿ ಸ್ಕೀಯೋ ಪಾದುಕೆಯೋ ಎಂಬ ಪ್ರಶ್ನೆಯೇ ಇರಲಿಲ್ಲ. ಒದ್ದೆಯಾದ ಮೈಯಿಂದ ಬಿರುಗಾಳಿಯು ಶಾಖವನ್ನು ಕಸಿಯುವ ವೇಗಕ್ಕೆ ದೇಹವು ಶಾಖವನ್ನು ಉತ್ಪಾದಿಸಲಾರದು.

ಹುಡುಗನು ಜೂನಿನಲ್ಲಿ ಹಿಂದಿರುಗಿ ಬಂದು ಕಂಡನು. ಮೂರನೆಯ ರಾತ್ರಿ ಮೋಡ ಕವಿದಿತ್ತಂತೆ. ಬೆಳಗ್ಗೆ ಮಾರ್ಗದರ್ಶಿಯು ಡೇರೆಯಿಂದ ಹೊರಬಂದು ಬೂಟುಗಾಲನ್ನು ಹಿಮದ ಮೇಲೆ ಊರಿದನು. ಅದು ಹರಡಿನ ಮೇಲಕ್ಕೂ ಇಳಿಯಿತು. ಈ ದಿನ ಕಣಿವೆ ದಾಟುವುದಿಲ್ಲವೆಂದು ಹೇಳಿ ಅವನು ಒಲೆ ಹೊತ್ತಿಸಿದನು. ಬಾಡಿಗೆ ತೆತ್ತು ತಂದ ಹಿಮಪಾದುಕೆಗಳು ಆ ದಿನವೆಲ್ಲ ಡೇರೆಯ ಬಾಗಿಲಲ್ಲೇ ಬಿದ್ದಿದ್ದುವೆಂದು ಹುಡುಗನಿಗೆ ಇನ್ನೂ ಸ್ವಲ್ಪ ಕೊರಗು.